ಒಂದು ಪಿಕ್ಸೆಲ್ಲಿಗಿಂತ ಸಣ್ಣ ಚುಕ್ಕಿ: ಮಂಡ್ಯದ ಒಂದು ನೀರಿನ ಲ್ಯಾಬಿನ ಪ್ರಕರಣ

ಎರಡು ವಾರ ನಾವು ಒಂದು ತಪ್ಪು ಅಳತೆಯನ್ನು ನಂಬಿಕೊಂಡು ಕೂತಿದ್ದೆವು. ನಂಬಲು ಕಾರಣವಿತ್ತು. ಉತ್ತರ ಸರಿಯಾಗಿ ಬಂದಿತ್ತು.

ಇದು ಮಂಡ್ಯದ ಒಂದು ಎಂಜಿನಿಯರಿಂಗ್ ಕಾಲೇಜಿನ ಹೈಡ್ರಾಲಿಕ್ಸ್ ಲ್ಯಾಬಿನಲ್ಲಿ ನಡೆದದ್ದು. ಲ್ಯಾಬ್ ನೋಡಿಕೊಳ್ಳುವವನು ನಾನು. ಪ್ರಾಜೆಕ್ಟ್ ಒಬ್ಬ ಕೊನೆಯ ವರ್ಷದ ವಿದ್ಯಾರ್ಥಿನಿಯದು. ಕ್ಯಾಮೆರಾ ಇಟ್ಟು ನೀರಿನ ವೇಗ ಅಳೆಯಲು ಹೊರಟಿರುವ ಬೇರೆ ಕಾಲೇಜಿನವರಿಗೆ ಉಪಯೋಗವಾಗಲಿ ಅಂತ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ಯಾಕೆ ಶುರುವಾಯಿತು

ಹುಡುಗಿಯ ಊರು ಮದ್ದೂರಿನ ಕಡೆ. ಕೆ.ಆರ್.ಎಸ್.ನಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ. ಹಳಬರು ಅದನ್ನು ಈಗಲೂ ಇರ್ವಿನ್ ನಾಲೆ ಎನ್ನುತ್ತಾರೆ. ಕೊನೆ ಭಾಗದ ರೈತರ ಕಷ್ಟ ಮಂಡ್ಯದವರಿಗೆ ಹೇಳಿಕೊಡಬೇಕಿಲ್ಲ. ಮೇಲಿನ ಗದ್ದೆಗಳು ಕುಡಿದು ಮಿಕ್ಕಿದ್ದು ಕೆಳಗೆ ಬರಬೇಕು. ಅದರ ಮೇಲೆ ತೂಬಿನ ಮುಂದೆ ಹೂಳು ಕೂತರೆ ಬರುವುದೂ ಬರುವುದಿಲ್ಲ. ಅವಳ ತಾತ ನೀರುಗಂಟಿ ಆಗಿದ್ದವರು. ತೂಬು ಎತ್ತಿ, ಒಂದು ಒಣ ಹುಲ್ಲುಕಡ್ಡಿ ಬಿಟ್ಟು, ಅದು ಎಷ್ಟು ಬೇಗ ಹೋಗುತ್ತೆ ನೋಡಿ, ಈ ಗದ್ದೆಗೆ ಇಷ್ಟು ಹೊತ್ತು ಅಂತ ಹೇಳುತ್ತಿದ್ದರಂತೆ.

ಅವಳಿಗೆ ಬೇಕಾಗಿದ್ದದ್ದು ಇಷ್ಟು: ತೂಬಿನ ಮಾದರಿಯ ಕೆಳಗೆ, ತಳದ ಹತ್ತಿರ ನೀರು ಹೇಗೆ ಹರಿಯುತ್ತೆ? ಹೂಳು ಎಲ್ಲಿ ಏಳುತ್ತೆ, ಎಲ್ಲಿ ಕೂರುತ್ತೆ? ಇದಕ್ಕೆ ಸರಾಸರಿ ವೇಗ ಗೊತ್ತಾದರೆ ಸಾಲದು. ಹೂಳನ್ನು ಎಬ್ಬಿಸುವುದು ತಳದ ಹತ್ತಿರದ ಸಣ್ಣ ಸಣ್ಣ ಏರಿಳಿತ. ನೀರು ಒಂದು ಕ್ಷಣ ಮೇಲಕ್ಕೆ ಚಿಮ್ಮುತ್ತೆ, ಇನ್ನೊಂದು ಕ್ಷಣ ಕೆಳಕ್ಕೆ ತಳ್ಳುತ್ತೆ. ಇದನ್ನು ಹಿಡಿಯಲು ನಾವು ಆರಿಸಿಕೊಂಡದ್ದು ಪಾರ್ಟಿಕಲ್ ಇಮೇಜ್ ವೆಲಾಸಿಮೆಟ್ರಿ, ಚಿಕ್ಕದಾಗಿ ಪಿಐವಿ. 1984ರ ಹೊತ್ತಿಗೆ ಈ ಹೆಸರು ಬಳಕೆಗೆ ಬಂತು. ಆಗ ಫಿಲ್ಮ್ ತೊಳೆದು ನೋಡಬೇಕಿತ್ತು. 1991ರಲ್ಲಿ ವಿಲ್ಲರ್ಟ್ ಮತ್ತು ಘರೀಬ್ ಎಂಬ ಸಂಶೋಧಕರು ಡಿಜಿಟಲ್ ಚಿತ್ರದಿಂದಲೇ ಲೆಕ್ಕ ಮಾಡುವ ದಾರಿ ತೋರಿಸಿದ ಮೇಲೆ ನಮ್ಮಂಥ ಸಣ್ಣ ಲ್ಯಾಬುಗಳಿಗೂ ಇದು ಕೈಗೆಟುಕುವಂತಾಯಿತು.

ವಿಧಾನ ತಾತನ ಹುಲ್ಲುಕಡ್ಡಿಯದೇ. ಒಂದು ಕಡ್ಡಿಯ ಬದಲು ಸಾವಿರಾರು ಪುಟ್ಟ ಕಣಗಳು. ನೀರಿನ ನಡುವೆ ತೆಳುವಾದ ಲೇಸರ್ ಬೆಳಕಿನ ಶೀಟ್ ಹಾಯಿಸಿದರೆ ಆ ಕಣಗಳು ಮಿನುಗುತ್ತವೆ. ಬೆನ್ನಿಗೆ ಬೆನ್ನಿಗೆ ಎರಡು ಫೋಟೋ ತೆಗೆಯಬೇಕು. ಚಿತ್ರವನ್ನು ಸಣ್ಣ ಚೌಕಗಳಾಗಿ ಮಾಡಿ, ಮೊದಲ ಫೋಟೋದ ಚೌಕದ ಚುಕ್ಕಿಗಳು ಎರಡನೆಯದರಲ್ಲಿ ಎಷ್ಟು ಪಿಕ್ಸೆಲ್ ಸರಿದಿವೆ ಅಂತ ಸಾಫ್ಟ್‌ವೇರ್ ಹೊಂದಿಸಿ ನೋಡುತ್ತೆ. ಸರಿದ ದೂರವನ್ನು ನಡುವಿನ ಸಮಯದಿಂದ ಭಾಗಿಸಿದರೆ ವೇಗ. ಪ್ರತಿ ಚೌಕದ ವೇಗವನ್ನು ಪರದೆಯ ಮೇಲೆ ಒಂದು ಬಾಣವಾಗಿ ತೋರಿಸುತ್ತೆ. ಲೆಕ್ಕಕ್ಕೆ ನಾವು ಪಿಐವಿಲ್ಯಾಬ್ ಎಂಬ ಸಾಫ್ಟ್‌ವೇರ್ ಬಳಸಿದೆವು.

ಮೊದಲ ಜೋಡಣೆ

ನಮ್ಮ ಫ್ಲೂಮ್, ಅಂದರೆ ಲ್ಯಾಬಿನಲ್ಲಿ ನೀರು ಹರಿಸಿ ನೋಡುವ ಪುಟ್ಟ ಕಾಲುವೆ, 15 ಸೆಂ.ಮೀ. ಅಗಲ, ಪಕ್ಕದ ಗೋಡೆ ಮತ್ತು ತಳ ಎರಡೂ ಅಕ್ರಿಲಿಕ್. ನೀರಿನ ಆಳ 8 ಸೆಂ.ಮೀ. ತೂಬಿನ ಮಾದರಿ ಇಡುವ ಮೊದಲು ಬರೀ ನೀರು ಹರಿಸಿ ಅಳತೆ ಪಕ್ಕಾ ಮಾಡಿಕೊಳ್ಳೋಣ ಅಂದುಕೊಂಡೆವು. ಹೋಲಿಸಿ ನೋಡಲು ಕೊನೆಯಲ್ಲಿರುವ ಅಳತೆ ತೊಟ್ಟಿ ಇತ್ತು. 100 ಲೀಟರ್ ತುಂಬಲು 33 ಸೆಕೆಂಡ್. ಲೆಕ್ಕ ಹಾಕಿದರೆ ನೀರಿನ ಸರಾಸರಿ ವೇಗ ಸೆಕೆಂಡಿಗೆ 25.2 ಸೆಂ.ಮೀ.

ಹಸಿರು ಲೇಸರನ್ನು, 532 ನ್ಯಾನೋಮೀಟರಿನದು, ಒಂದು ತೆಳು ಗಾಜಿನ ಕಡ್ಡಿಯ ಮೂಲಕ ಹಾಯಿಸಿ ತಳದ ಕೆಳಗಿನಿಂದ ಮೇಲಕ್ಕೆ ಶೀಟ್ ಮಾಡಿದೆವು. ಮೇಲಿನಿಂದ ಬಿಟ್ಟರೆ ನೀರಿನ ಅಲೆಯಲ್ಲಿ ಬೆಳಕು ಕುಣಿಯುತ್ತೆ, ಬೇಡ. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಆ ತರಂಗಕ್ಕೆ ಸರಿಹೊಂದುವ ಕನ್ನಡಕ ಇಲ್ಲದೆ ಯಾರೂ ಒಳಗೆ ಬರಬಾರದು. ನೀರಿನ ಮೇಲ್ಮೈಯಿಂದ ಚಿಮ್ಮುವ ಒಂದು ಮಿಂಚು ಸಾಕು, ಕಣ್ಣು ಹೋಗುತ್ತೆ. ನಾವು ಬಾಗಿಲಿಗೆ ಚಿಲಕ ಹಾಕಿಯೇ ಕೆಲಸ ಮಾಡಿದೆವು.

ಕಣಗಳು 50 ಮೈಕ್ರಾನಿನ ಪಾಲಿಅಮೈಡ್ ಪುಡಿ. ತೂಕ ಹೆಚ್ಚುಕಮ್ಮಿ ನೀರಿನಷ್ಟೇ, ಹಾಗಾಗಿ ಬೇಗ ಮುಳುಗುವುದಿಲ್ಲ. ಕ್ಯಾಮೆರಾ ಕಪ್ಪುಬಿಳುಪಿನದು, ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಹಿಡಿಯುವ ಗ್ಲೋಬಲ್ ಶಟರ್, 1280 ಅಡ್ಡ 1024 ಪಿಕ್ಸೆಲ್, ಒಂದು ಪಿಕ್ಸೆಲ್ 4.8 ಮೈಕ್ರಾನ್. ಮೊಬೈಲ್ ಕ್ಯಾಮೆರಾ ಸಾಕಲ್ವಾ ಅಂತ ಹುಡುಗರು ಕೇಳಿದ್ದರು. ಅವುಗಳಲ್ಲಿ ರೋಲಿಂಗ್ ಶಟರ್ ಇರುತ್ತೆ. ಚಿತ್ರದ ಮೇಲಿನ ಸಾಲು ಒಂದು ಗಳಿಗೆ, ಕೆಳಗಿನ ಸಾಲು ಇನ್ನೊಂದು ಗಳಿಗೆ ಓದಿಕೊಳ್ಳುತ್ತೆ. ವೇಗ ಅಳೆಯುವವರಿಗೆ ಅದು ಆಗಿಬರುವುದಿಲ್ಲ. 25 ಮಿ.ಮೀ. ಲೆನ್ಸ್ ಹಾಕಿ, ಫ್ಲೂಮಿನ ಗೋಡೆಯಿಂದ 50 ಸೆಂ.ಮೀ. ದೂರದಲ್ಲಿ ಕ್ಯಾಮೆರಾ ನಿಲ್ಲಿಸಿದೆವು. ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ಕಿಂಡಿ, ಪೂರಾ ತೆರೆದು ಎಫ್ 2.8 (ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು). ಎಕ್ಸ್‌ಪೋಷರ್ 0.1 ಮಿಲಿಸೆಕೆಂಡ್. ಚುಕ್ಕಿಗಳು ಸೂಜಿಮೊನೆಯ ಹಾಗೆ ಚೂಪಾಗಿ ಕಂಡವು. ನಮಗೆಲ್ಲ ತುಂಬಾ ಖುಷಿ.

ಮೊದಲು ಸೆಕೆಂಡಿಗೆ 100 ಫ್ರೇಮ್ ಇಟ್ಟಿದ್ದೆವು. ಬಾಣಗಳು ದಿಕ್ಕಾಪಾಲು. ಕಾರಣ ಬೇಗ ಸಿಕ್ಕಿತು. ಎರಡು ಫ್ರೇಮಿನ ನಡುವೆ ಕಣಗಳು 27 ಪಿಕ್ಸೆಲ್ ದಾಟಿ ಓಡುತ್ತಿದ್ದವು. ನಮ್ಮ ಮೊದಲ ಸುತ್ತಿನ ಚೌಕ 64 ಪಿಕ್ಸೆಲ್. ಕಣಗಳ ಓಟ ಚೌಕದ ಕಾಲುಭಾಗ ಮೀರಬಾರದು ಅಂತ ಕೀನ್ ಮತ್ತು ಏಡ್ರಿಯನ್ 1990ರ ಹೊತ್ತಿಗೇ ತೋರಿಸಿದ್ದಾರೆ. ಮೀರಿದರೆ ಅರ್ಧಕ್ಕರ್ಧ ಕಣಗಳು ಚೌಕದಿಂದ ಆಚೆ ಹೋಗಿ, ಜೋಡಿ ಸಿಗದೆ, ಸಾಫ್ಟ್‌ವೇರ್ ಯಾವುದನ್ನೋ ಯಾವುದಕ್ಕೋ ಗಂಟುಹಾಕುತ್ತೆ. ಸೆಕೆಂಡಿಗೆ 200 ಫ್ರೇಮ್ ಮಾಡಿದೆವು. ಓಟ 14 ಪಿಕ್ಸೆಲ್ಲಿನ ಒಳಗೆ ಬಂತು. ಮೊದಲು 64ರ ಚೌಕ, ಆಮೇಲೆ ಅದರ ಉತ್ತರವನ್ನು ಹಿಡಿದುಕೊಂಡು 32ರ ಚೌಕ. ಪುಡಿ ಕೂಡ ಮೊದಲು ಕಮ್ಮಿ ಇತ್ತು. 300 ಲೀಟರ್ ನೀರಿಗೆ 10 ಗ್ರಾಂ ಹಾಕಿದ ಮೇಲೆ 32ರ ಚೌಕಕ್ಕೆ ಹತ್ತರ ಆಸುಪಾಸು ಕಣ ಸಿಕ್ಕವು.

ಬಾಣಗಳೆಲ್ಲ ಸಾಲಾಗಿ ನಿಂತವು. ಎರಡು ಸೆಕೆಂಡಿನ 400 ಫ್ರೇಮುಗಳ ಸರಾಸರಿ ತೆಗೆದರೆ ವೇಗ 24.8 ಸೆಂ.ಮೀ. ತೊಟ್ಟಿ ಹೇಳಿದ್ದು 25.2. ವ್ಯತ್ಯಾಸ ನೂರಕ್ಕೆ ಎರಡೂ ಇಲ್ಲ. ನಾನು ಭೇಷ್ ಅಂದೆ. ತೂಬಿನ ಮಾದರಿ ಇಡಲು ಹೇಳಿದೆ.

1.8ರ ಮಗ್ಗಿ

ತೂಬಿನ ಕೆಳಗಿನ ಅಳತೆಯಲ್ಲಿ ಲಂಬ ವೇಗ ಬಹುಪಾಲು ಕಡೆ ಸೊನ್ನೆಯ ಹತ್ತಿರ ಬಂತು. ಅಂದರೆ ನೀರು ಮೇಲೂ ಹೋಗುತ್ತಿಲ್ಲ, ಕೆಳಗೂ ಬರುತ್ತಿಲ್ಲ, ಶಾಂತವಾಗಿ ಮುಂದಕ್ಕೆ ಸಾಗುತ್ತಿದೆ. ಹಾಗಿದ್ದರೆ ಹೂಳು ಏಳುವುದೇ ಇಲ್ಲ. ಆದರೆ ಅದೇ ಫ್ಲೂಮಿನ ತಳದಲ್ಲಿ ಹಾಕಿದ್ದ ಸಣ್ಣ ಮರಳು ಕಣ್ಣೆದುರೇ ಏಳುತ್ತಿತ್ತು.

ಹುಡುಗಿ ಸರಾಸರಿ ಬಿಟ್ಟು ಒಂದೇ ಒಂದು ಜೋಡಿ ಫೋಟೋದ ಅಂಕಿಗಳನ್ನು ಪ್ರಿಂಟ್ ತೆಗೆದುಕೊಂಡು ಬಂದಳು. ಮುಂದಕ್ಕೆ ಹೋಗುವ ವೇಗದ ಕಾಲಂ. 23.4, 23.5, 25.2, 25.1, 25.2, 21.6, 23.4, 25.2, 27.0. ಪೆನ್ಸಿಲ್ಲಿನಲ್ಲಿ ಪಕ್ಕದಲ್ಲಿ ಗುರುತು ಹಾಕಿದ್ದಳು.

"ಸರ್, ಎಲ್ಲ 1.8ರ ಮಗ್ಗಿಯಲ್ಲೇ ಬರ್ತಿವೆ ನೋಡಿ. ನಡುವೆ 24, 24.5 ಇಲ್ಲವೇ ಇಲ್ಲ."

ನೀರಿಗೆ ಮಗ್ಗಿ ಗೊತ್ತಿಲ್ಲ. ನಮ್ಮ ಲೆಕ್ಕದಲ್ಲಿ ಸೆಕೆಂಡಿಗೆ 1.8 ಸೆಂ.ಮೀ. ಅಂದರೆ ಎರಡು ಫ್ರೇಮಿನ ನಡುವೆ ಸರಿಯಾಗಿ ಒಂದು ಪಿಕ್ಸೆಲ್ ಓಟ. ಅಂದರೆ ಸಾಫ್ಟ್‌ವೇರ್ 12, 13, 14 ಅಂತ ಪೂರ್ಣ ಪಿಕ್ಸೆಲ್ಲಿನಲ್ಲೇ ಉತ್ತರ ಕೊಡುತ್ತಿತ್ತು. ಇದಕ್ಕೆ ಪೀಕ್ ಲಾಕಿಂಗ್ ಎನ್ನುತ್ತಾರೆ. ನನಗೆ ಹೆಸರು ಗೊತ್ತಿತ್ತು. ನಮ್ಮ ಮನೆಯಲ್ಲೇ ಕೂತಿದೆ ಅಂತ ಗೊತ್ತಿರಲಿಲ್ಲ. ನೀರಿನ ವೇಗ ತಾನೇ ಹಿಂದೆ ಮುಂದೆ ಆಡುತ್ತಿರುತ್ತೆ. ಹಾಗಾಗಿ 400 ಫ್ರೇಮಿನ ಸರಾಸರಿ ತೆಗೆದಾಗ ಈ ಮೆಟ್ಟಿಲುಗಳೆಲ್ಲ ಸವೆದು ನುಣುಪಾದ ಗೆರೆ ಬಂದುಬಿಡುತ್ತೆ. ಗ್ರಾಫ್ ನೋಡಿದವರಿಗೆ ಏನೂ ಕಾಣುವುದಿಲ್ಲ.

ಹೀಗೆ ಯಾಕಾಗುತ್ತೆ ಅನ್ನೋದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಪಿಕ್ಸೆಲ್ಲಿನ ಭಾಗವನ್ನು ಸಾಫ್ಟ್‌ವೇರ್ ಕಂಡುಹಿಡಿಯುವುದು ಅಕ್ಕಪಕ್ಕದ ಪಿಕ್ಸೆಲ್ಲುಗಳ ಬೆಳಕಿನಿಂದ. ಚುಕ್ಕಿ ಎರಡು ಮೂರು ಪಿಕ್ಸೆಲ್ ಮೇಲೆ ಹರಡಿದ್ದರೆ, ಎಡಗಡೆಯದರಲ್ಲಿ ಇಷ್ಟು, ಬಲಗಡೆಯದರಲ್ಲಿ ಅಷ್ಟು ಅಂತ ತೂಗಿ ನೋಡಿ, ಚುಕ್ಕಿಯ ನಡು ಎಲ್ಲಿದೆ ಅಂತ ಪಿಕ್ಸೆಲ್ಲಿನ ಹತ್ತನೇ ಒಂದು ಭಾಗದವರೆಗೂ ಹೇಳುತ್ತೆ. ಚುಕ್ಕಿ ಪೂರಾ ಒಂದೇ ಪಿಕ್ಸೆಲ್ಲಿನೊಳಗೆ ಕೂತುಬಿಟ್ಟರೆ ಅಕ್ಕಪಕ್ಕ ಕತ್ತಲೆ. ತೂಗಲು ಏನೂ ಇಲ್ಲ. ಸೇರು ಇದ್ದು ಪಾವು ಇಲ್ಲದ ಅಂಗಡಿಯಲ್ಲಿ ಒಂದೂಕಾಲು ಸೇರು ಅಕ್ಕಿ ಅಳೆದ ಹಾಗೆ. ಒಂದು ಅಂತಲೋ ಎರಡು ಅಂತಲೋ ಹೇಳಬೇಕು ಅಷ್ಟೆ.

ನಮ್ಮ ಚುಕ್ಕಿ ಎಷ್ಟು ದೊಡ್ಡದಿತ್ತು? ಕಣ 50 ಮೈಕ್ರಾನ್. ನಮ್ಮ ಜೋಡಣೆಯಲ್ಲಿ ಚಿತ್ರ 0.048ರಷ್ಟಕ್ಕೆ ಕುಗ್ಗುತ್ತೆ. ಸೆನ್ಸರ್ ಮೇಲೆ ಕಣದ ಅಳತೆ 2.4 ಮೈಕ್ರಾನ್, ಅರ್ಧ ಪಿಕ್ಸೆಲ್. ಇದರ ಜೊತೆ ಬೆಳಕು ಲೆನ್ಸಿನ ಕಿಂಡಿಯಲ್ಲಿ ನುಗ್ಗುವಾಗ ತಾನಾಗಿ ಹರಡುತ್ತೆ. ಆ ಹರಡುವಿಕೆ ಎಫ್ ಸಂಖ್ಯೆಯ ಜೊತೆ ಬೆಳೆಯುತ್ತೆ. ಸೂತ್ರ ಸುಲಭ: 2.44ನ್ನು ಎಫ್ ಸಂಖ್ಯೆಯಿಂದ, ಬೆಳಕಿನ ತರಂಗದ ಉದ್ದದಿಂದ, ಮತ್ತು ಒಂದಕ್ಕೆ ಕುಗ್ಗುವ ಪ್ರಮಾಣ ಸೇರಿಸಿದ್ದರಿಂದ ಗುಣಿಸಬೇಕು. ಎಫ್ 2.8ಕ್ಕೆ 3.8 ಮೈಕ್ರಾನ್. ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ 4.5 ಮೈಕ್ರಾನ್. ಒಂದು ಪಿಕ್ಸೆಲ್ಲಿಗಿಂತ ಕಮ್ಮಿ! ನಾವು ಖುಷಿಪಟ್ಟ ಸೂಜಿಮೊನೆಯೇ ರೋಗ. ಈ ಕೆಲಸಕ್ಕೆ ಚುಕ್ಕಿ ಎರಡರಿಂದ ಮೂರು ಪಿಕ್ಸೆಲ್ ಇರಬೇಕು.

ಅದೇ ಎಫ್ 8ಕ್ಕೆ ಲೆಕ್ಕ ಹಾಕಿ. ಹರಡುವಿಕೆ 10.9, ಒಟ್ಟು 11.1 ಮೈಕ್ರಾನ್. 2.3 ಪಿಕ್ಸೆಲ್. ಲೆನ್ಸಿನ ಉಂಗುರ ತಿರುಗಿಸಿದರೆ ಮುಗಿಯಿತು ಅಂದುಕೊಂಡೆವು.

ಬೆಳಕಿನ ಸಾಲ

ಉಂಗುರ ತಿರುಗಿಸಿದ ತಕ್ಷಣ ಪರದೆ ಕತ್ತಲಾಯಿತು. 2.8ರಿಂದ 8ಕ್ಕೆ ಹೋದರೆ ಬೆಳಕು ಎಂಟನೇ ಒಂದು ಭಾಗಕ್ಕೆ ಇಳಿಯುತ್ತೆ. ಮಿಕ್ಕಿದ ಬೆಳಕೂ ಈಗ ಹೆಚ್ಚು ಪಿಕ್ಸೆಲ್ಲುಗಳಿಗೆ ಹಂಚಿಹೋಗುತ್ತೆ.

ಮೊದಲು ಗೇನ್, ಅಂದರೆ ಕ್ಯಾಮೆರಾ ಸಿಗ್ನಲ್ಲನ್ನು ಹಿಗ್ಗಿಸುವ ಪ್ರಮಾಣ, ಏರಿಸಿದೆವು. ಚುಕ್ಕಿಯ ಜೊತೆ ಕಪ್ಪು ಹಿನ್ನೆಲೆಯೂ ಕುದಿಯಲು ಶುರುಮಾಡಿತು. ಗೇನ್ ಹೊಸ ಬೆಳಕು ತರುವುದಿಲ್ಲ, ಇರುವ ಗಲಾಟೆಯನ್ನೂ ಜೊತೆಗೇ ಜೋರು ಮಾಡುತ್ತೆ. ಆಮೇಲೆ ಎಕ್ಸ್‌ಪೋಷರನ್ನು ಎಂಟು ಪಟ್ಟು ಮಾಡಿ 0.8 ಮಿಲಿಸೆಕೆಂಡ್ ಇಟ್ಟೆವು. ಬೆಳಕು ಬಂತು. ಚುಕ್ಕಿಗಳು ಮಾತ್ರ ಅಕ್ಕಿಕಾಳಿನ ಹಾಗೆ ಉದ್ದವಾದವು. ಸೆಕೆಂಡಿಗೆ 27 ಸೆಂ.ಮೀ. ಓಡುವ ಕಣ ಆ 0.8 ಮಿಲಿಸೆಕೆಂಡಿನಲ್ಲೇ ಎರಡು ಪಿಕ್ಸೆಲ್ಲಿಗಿಂತ ಜಾಸ್ತಿ ಓಡಿರುತ್ತೆ. ಮುಂದಕ್ಕೆ ಎಳೆದ ಚುಕ್ಕಿಯ ನಡು ಹುಡುಕುವುದು ಕಷ್ಟ. ತಳದ ಹತ್ತಿರ ಇನ್ನೂ ಕಷ್ಟ, ಯಾಕೆಂದರೆ ಅಲ್ಲಿ ಮೇಲಿನ ಕಣದ ಗೆರೆ ಉದ್ದ, ಕೆಳಗಿನ ಕಣದ ಗೆರೆ ಗಿಡ್ಡ.

ಒಬ್ಬ ಹುಡುಗ ಫೋಕಸ್ಸನ್ನು ಸ್ವಲ್ಪ ತಪ್ಪಿಸಿ ಚುಕ್ಕಿ ದೊಡ್ಡದು ಮಾಡೋಣ ಅಂದ. ಇದು ಕೆಲವರು ಮಾಡುವ ಉಪಾಯವೇ. ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ಸಾಧಾರಣ ಲೆನ್ಸಿನಲ್ಲಿ ಚಿತ್ರದ ಅಂಚಿನ ಚುಕ್ಕಿ ಒಂದು ಆಕಾರ, ನಡುವಿನದು ಇನ್ನೊಂದು ಆಕಾರ ಆಗುತ್ತಿತ್ತು. ಒಂದು ತಪ್ಪು ಮುಚ್ಚಲು ಇನ್ನೊಂದು ತಪ್ಪು ಬೇಡ.

ದಾರಿ ತೋರಿಸಿದ್ದು ನಮ್ಮ ಲ್ಯಾಬಿನ ಮೆಕ್ಯಾನಿಕ್ ಅಣ್ಣ. ಫ್ಲೂಮಿನ ಪಕ್ಕ ಬಗ್ಗಿ ನೋಡಿ, "ಸಾರ್, ಕ್ಯಾಮೆರಾ ನೋಡೋದು ಒಂದು ಗೇಣು. ನೀವು ಬೆಳಕು ಸುರೀತಿರೋದು ಒಂದು ಮೊಳದ ಮೇಲೆ" ಅಂದರು. ಅಳೆದು ನೋಡಿದೆವು. ನಿಜ. ಶೀಟ್ 60 ಸೆಂ.ಮೀ. ಉದ್ದ ಹರಡಿತ್ತು. ನಮಗೆ ಬೇಕಾದದ್ದು 13. ತೆಳು ಗಾಜಿನ ಕಡ್ಡಿ ತೆಗೆದು ದಪ್ಪ ಕಡ್ಡಿ ಇಟ್ಟರೆ ಬೆಳಕು ಕಮ್ಮಿ ಹರಡುತ್ತೆ. ಸುಮಾರು 15 ಸೆಂ.ಮೀ.ಗೆ ಬಂತು. ಅಲ್ಲೇ ನಾಲ್ಕು ಪಟ್ಟು ಬೆಳಕು ಸಿಕ್ಕಿತು. ಎಕ್ಸ್‌ಪೋಷರ್ ಎರಡು ಪಟ್ಟು, 0.2 ಮಿಲಿಸೆಕೆಂಡ್. ಕಣ ಓಡುವುದು ಅರ್ಧ ಪಿಕ್ಸೆಲ್ಲಿನ ಆಸುಪಾಸು, ಸಹಿಸಬಹುದು. ನಾಲ್ಕೆರಡ್ಲಿ ಎಂಟು. ಸಾಲ ತೀರಿತು.

ಇದರ ನಡುವೆ ಇನ್ನೊಂದು ಸಣ್ಣ ಪಾಪವೂ ಬಯಲಾಯಿತು. ಕ್ಯಾಮೆರಾದ ಜೊತೆ ಬಂದ ಪ್ರೋಗ್ರಾಂ ವಿಡಿಯೋವನ್ನು ಕುಗ್ಗಿಸಿ ಸೇವ್ ಮಾಡುತ್ತಿತ್ತು. ಸಿನಿಮಾ ನೋಡಲು ಅದು ಚೆಂದ. ಆದರೆ ಕುಗ್ಗಿಸುವಾಗ ಮೊದಲು ಹೋಗುವುದೇ ಇಂಥ ಸಣ್ಣ ಚುಕ್ಕಿಗಳ ಅಂಚು. ಕುಗ್ಗಿಸದೆ ಇಟ್ಟರೆ ಸೆಕೆಂಡಿಗೆ 262 ಎಂಬಿ ಬರುತ್ತೆ, ಹಳೇ ಹಾರ್ಡ್ ಡಿಸ್ಕಿಗೆ ತಾಳಿಕೊಳ್ಳಲು ಆಗದು. ಎರಡೇ ಸೆಕೆಂಡ್ ತೆಗೆದು ಮೊದಲು ಮೆಮೊರಿಯಲ್ಲಿಟ್ಟು, ಆಮೇಲೆ ನಿಧಾನವಾಗಿ ಟಿಫ್ ಆಗಿ ಬರೆದುಕೊಂಡೆವು.

ಈಗ ಒಂದು ಜೋಡಿಯ ಸುಮಾರು 3,900 ಬಾಣಗಳಲ್ಲಿ, ಪಿಕ್ಸೆಲ್ ಓಟದ ದಶಮಾಂಶದ ಆಚೆಯ ಅಂಕಿಗಳನ್ನು ಮಾತ್ರ ತೆಗೆದು, ಯಾವುದು ಎಷ್ಟು ಸಲ ಬಂದಿದೆ ಅಂತ ತೋರಿಸುವ ಹಿಸ್ಟೋಗ್ರಾಂ ಹಾಕಿದೆವು. ಮೊದಲು ಎರಡು ತುದಿಯಲ್ಲಿ ಎರಡು ಕಂಬ, ನಡುವೆ ಹಳ್ಳ ಇತ್ತು. ಈಗ ಗದ್ದೆಯ ಹಾಗೆ ಸಮ. ಲಂಬ ವೇಗದಲ್ಲಿ ಸೊನ್ನೆಗೆ ಅಂಟಿಕೊಂಡಿದ್ದ ಅಂಕಿಗಳು ಎರಡೂ ಕಡೆಗೆ ಹರಡಿ ಗುಡ್ಡದ ಆಕಾರಕ್ಕೆ ಬಂದವು. ಮರಳು ಯಾಕೆ ಏಳುತ್ತಿತ್ತು ಅನ್ನೋದು ಈಗ ಅಂಕಿಯಲ್ಲೂ ಕಂಡಿತು.

ಸರಿಯಾದ ಉತ್ತರದ ಒಳಗಿನ ತಪ್ಪು

ಇಷ್ಟಾದರೂ ಸರಾಸರಿ 24.8ರಲ್ಲೇ ಇತ್ತು. ನನಗದು ಸಮಾಧಾನದ ವಿಷಯ. ಅವಳಿಗಲ್ಲ.

"ಸರ್, ನಾವು ಅಳೀತಿರೋದು ಫ್ಲೂಮಿನ ನಟ್ಟನಡುವೆ. ತೊಟ್ಟಿ ಹೇಳೋದು ಗೋಡೆ ಪಕ್ಕದ ನಿಧಾನದ ನೀರೂ ಸೇರಿದ ಸರಾಸರಿ. ಹಾಗಾದ್ರೆ ನಡುವಿನದು ಜಾಸ್ತಿ ಇರಬೇಕಲ್ವಾ?"

ಇರಬೇಕು. 15 ಸೆಂ.ಮೀ. ಅಗಲದ ಫ್ಲೂಮಿನಲ್ಲಿ ಗೋಡೆಗಳು ಇಡೀ ನೀರನ್ನು ಹಿಡಿದೆಳೆಯುತ್ತವೆ. ನಡು ಮತ್ತು ಒಟ್ಟು ಸರಾಸರಿ ಎರಡೂ ಒಂದೇ ಬಂದರೆ ಅದೇ ಅನುಮಾನಕ್ಕೆ ಕಾರಣ. ಈ ಪ್ರಶ್ನೆ ನಾನು ಮೊದಲ ದಿನವೇ ಕೇಳಬೇಕಿತ್ತು.

ಹುಡುಕುತ್ತಾ ಹೋದರೆ ಸಿಕ್ಕಿದ್ದು ಸ್ಟೀಲ್ ಸ್ಕೇಲ್. ಎಷ್ಟು ಪಿಕ್ಸೆಲ್ಲಿಗೆ ಒಂದು ಮಿ.ಮೀ. ಅಂತ ಗೊತ್ತುಮಾಡಲು ಅದನ್ನು ಫ್ಲೂಮಿನ ಹೊರಗೋಡೆಗೆ ಟೇಪ್ ಹಾಕಿ ಅಂಟಿಸಿ ಫೋಟೋ ತೆಗೆದಿದ್ದೆವು. ಕಣಗಳು ಮಿನುಗುವುದು ಗೋಡೆಯಿಂದ 7.5 ಸೆಂ.ಮೀ. ಒಳಗೆ. ನೀರಿನೊಳಗಿನದು ಹೊರಗಿನಿಂದ ಸ್ವಲ್ಪ ಹತ್ತಿರ ಬಂದ ಹಾಗೆ ಕಾಣುತ್ತೆ, ಬಾವಿಯ ತಳ ಮೇಲೆ ಬಂದಂತೆ ಕಾಣುವ ಹಾಗೆ. 7.5ನ್ನು 1.33ರಿಂದ ಭಾಗಿಸಿದರೆ 5.6. ಕ್ಯಾಮೆರಾಕ್ಕೆ ಸ್ಕೇಲ್ 50 ಸೆಂ.ಮೀ. ದೂರ, ಕಣ 55.6 ಸೆಂ.ಮೀ. ದೂರ. ನೂರಕ್ಕೆ ಹನ್ನೊಂದರ ವ್ಯತ್ಯಾಸ. ಹತ್ತಿರದ ಸ್ಕೇಲ್ ದೊಡ್ಡದಾಗಿ ಕಂಡಿತು. ಆ ಅಳತೆಯಿಂದ ದೂರದ ಕಣದ ಓಟ ಅಳೆದೆವು. ವೇಗ ಕಮ್ಮಿ ಬಂತು.

ಕಮ್ಮಿ ಬಂದದ್ದು ಎಷ್ಟೋ, ನಡುವಿನ ನೀರು ಸರಾಸರಿಗಿಂತ ಜಾಸ್ತಿ ಓಡುವುದೂ ಹೆಚ್ಚುಕಮ್ಮಿ ಅಷ್ಟೇ. ಒಂದು ಇನ್ನೊಂದನ್ನು ನುಂಗಿಬಿಟ್ಟಿತು. ಆ ಭೇಷ್ ಬಂದದ್ದು ಹೀಗೆ.

ಮಂಡ್ಯದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಚುಕ್ಕಿಗಳ ಹಾಳೆ ಪ್ರಿಂಟ್ ಮಾಡಿಸಿ, ಲ್ಯಾಮಿನೇಟ್ ಹಾಕಿಸಿ, ಅಕ್ರಿಲಿಕ್ ತುಂಡಿಗೆ ಅಂಟಿಸಿದೆವು. ಪ್ರಿಂಟರ್ ಹಾಳೆಯನ್ನು ಚೂರು ಎಳೆಯುತ್ತೆ, ಹಾಗಾಗಿ ಚುಕ್ಕಿಗಳ ದೂರವನ್ನು ವರ್ನಿಯರ್‌ನಲ್ಲಿ ಅಳೆದು ಬರೆದುಕೊಂಡೆವು. ನೀರು ತುಂಬಿದ ಫ್ಲೂಮಿನಲ್ಲಿ, ಲೇಸರ್ ಗೆರೆ ಹಾಳೆಯ ಮೇಲೆ ಸವರಿಕೊಂಡು ಹೋಗುವಂತೆ ನಿಲ್ಲಿಸಿದೆವು. ಒಂದು ಪಿಕ್ಸೆಲ್ಲಿಗೆ 0.1 ಮಿ.ಮೀ. ಬಂತು. ಮೊದಲು ನಾವು 0.09 ಅಂದುಕೊಂಡಿದ್ದೆವು. ಅದೇ ಫೋಟೋಗಳನ್ನು ಹೊಸ ಅಳತೆಯಲ್ಲಿ ಲೆಕ್ಕ ಮಾಡಿದರೆ ನಡುವಿನ ವೇಗ 27.5.

ಇನ್ನು ತೊಟ್ಟಿಯ ಜೊತೆ ಹೋಲಿಸಬೇಕಲ್ಲ. ಶೀಟನ್ನು ಅಗಲದುದ್ದಕ್ಕೂ ಐದು ಕಡೆ ಸರಿಸಿ, ಪ್ರತಿ ಕಡೆಯೂ ಚುಕ್ಕಿ ಹಾಳೆ ಇಟ್ಟು ಹೊಸದಾಗಿ ಅಳತೆ ಮಾಡಿ, ಪ್ರತಿಯೊಂದಕ್ಕೂ ಅದರ ಪಾಲಿನ ಅಗಲ ಕೊಟ್ಟು ಕೂಡಿದೆವು. ಒಂದು ಇಡೀ ದಿನದ ಕೆಲಸ. 25.0 ಬಂತು. ತೊಟ್ಟಿ 25.2. ಈ ಸಲ ಯಾರೂ ಭೇಷ್ ಅನ್ನಲಿಲ್ಲ. ಅವಳು ಮತ್ತೆ ಒಂದೇ ಜೋಡಿಯ ಅಂಕಿಗಳನ್ನು ಪ್ರಿಂಟ್ ತೆಗೆದು, ಪೆನ್ಸಿಲ್ ಹಿಡಿದು, ಮಗ್ಗಿ ಇದೆಯಾ ಅಂತ ನೋಡುತ್ತಾ ಕೂತಳು.

ತಳದಲ್ಲಿ ಉಳಿದದ್ದು

ತಳದ ಹತ್ತಿರ ನೀರು ನಿಧಾನ. ಅಲ್ಲಿ ಕಣಗಳು ನಾಲ್ಕು ಪಿಕ್ಸೆಲ್ ಮಾತ್ರ ಸರಿಯುತ್ತವೆ. ಹತ್ತನೇ ಒಂದು ಪಿಕ್ಸೆಲ್ಲಿನ ತಪ್ಪು 14ರಲ್ಲಿ ಏನೂ ಅಲ್ಲ, ನಾಲ್ಕರಲ್ಲಿ ನೂರಕ್ಕೆ ಎರಡೂವರೆ. ಹಾಗಾಗಿ ಆ ಪಟ್ಟಿಗೆ ಮಾತ್ರ ಒಂದು ಫ್ರೇಮ್ ಬಿಟ್ಟು ಒಂದನೆಯದನ್ನು ಮೂರನೆಯದಕ್ಕೆ ಜೋಡಿಸಿದೆವು. ಸಮಯ ಎರಡು ಪಟ್ಟು, ಓಟ ಎಂಟು ಪಿಕ್ಸೆಲ್. ಒಂದೇ ಫೋಟೋ ಸಾಲಿನಿಂದ ಮೇಲಿನ ನೀರಿಗೆ ಒಂದು ಲೆಕ್ಕ, ಕೆಳಗಿನ ನೀರಿಗೆ ಇನ್ನೊಂದು ಲೆಕ್ಕ. ಹೊಸ ಸಾಮಾನು ಏನೂ ಬೇಕಾಗಲಿಲ್ಲ.

ತಳಕ್ಕೆ ತೀರಾ ಅಂಟಿದ ಎರಡು ಮಿ.ಮೀ. ಮಾತ್ರ ಇನ್ನೂ ಕೈಗೆ ಸಿಕ್ಕಿಲ್ಲ. ಲೇಸರ್ ಅಕ್ರಿಲಿಕ್ಕನ್ನು ದಾಟುವ ಕಡೆ ಬಿಳೀ ಗೆರೆಯೊಂದು ಉರಿಯುತ್ತೆ. ಆ ಬೆಳಕಿನಲ್ಲಿ ಕಣಗಳು ಮುಳುಗಿಹೋಗುತ್ತವೆ. ಹಸಿರು ಬೆಳಕಿಗೆ ಕಿತ್ತಳೆ ಬಣ್ಣದಲ್ಲಿ ಹೊಳೆಯುವ ಕಣ ಹಾಕಿ, ಲೆನ್ಸಿಗೆ ಕಿತ್ತಳೆ ಫಿಲ್ಟರ್ ಹಾಕಿದರೆ ಗೆರೆ ಮಾಯವಾಗುತ್ತೆ. ಆ ಕಣ ನಮ್ಮ ಬಜೆಟ್ಟಿಗೆ ದುಬಾರಿ. ಸದ್ಯಕ್ಕೆ ಗೀರು ಬಿದ್ದ ತಳದ ತುಂಡನ್ನು ತೆಗೆದು, ನುಣ್ಣಗೆ ಪಾಲಿಶ್ ಮಾಡಿದ ಹೊಸ ಅಕ್ರಿಲಿಕ್ ಕೂರಿಸುತ್ತಿದ್ದೇವೆ. ಹೂಳು ಏಳುವುದು ಆ ಎರಡು ಮಿ.ಮೀ.ನಲ್ಲೇ. ಮೆಕ್ಯಾನಿಕ್ ಅಣ್ಣ ಅಂಚುಗಳಿಗೆ ಅಂಟು ಹಾಕಿ ಹೋಗಿದ್ದಾರೆ. ಅದು ಒಣಗಿದ ಮೇಲೆ ನೀರು ಬಿಡಬೇಕು.